ರಿಗ್ರೆಶನ್‌ಗೆ ಇಂಟರಾಕ್ಷನ್ ಸೇರಿಸುವುದು ಹೀಗೆ

ಗೊಬ್ಬರ ಹೆಚ್ಚಿಸಿದರೆ ಇಳುವರಿ ಎಷ್ಟು ಏರುತ್ತದೆ? ಮೊದಲು ನೀರು ಎಷ್ಟಿದೆ ಅಂತ ಕೇಳಬೇಕು, ಅಲ್ವಾ? ಸಾದಾ ರಿಗ್ರೆಶನ್, ಅಂದರೆ ಗೊಬ್ಬರ, ನೀರಿನಂಥ ಚರಗಳಿಂದ ಇಳುವರಿಯನ್ನು ಅಂದಾಜು ಮಾಡುವ ಸಮೀಕರಣ, ಅದನ್ನು ಕೇಳುವುದಿಲ್ಲ. ಗೊಬ್ಬರಕ್ಕೊಂದು ಅಂಕಿ, ನೀರಿಗೊಂದು ಅಂಕಿ ಕೊಟ್ಟು ಎರಡನ್ನೂ ಕೂಡಿಸಿಬಿಡುತ್ತದೆ. ಒಂದರ ಪರಿಣಾಮ ಇನ್ನೊಂದರಿಂದ ಬದಲಾಗುತ್ತದೆ ಎಂದು ಅದಕ್ಕೆ ತಿಳಿಸಲು ನಾವೇ ಇಂಟರಾಕ್ಷನ್ ಟರ್ಮ್ (ಎರಡೂ ಚರಗಳ ಗುಣಲಬ್ಧ) ಸೇರಿಸಬೇಕು.

ಮೊದಲ ಕೆಲಸ ಸುಲಭ. ಎರಡೂ ಕಾಲಂಗಳನ್ನು ಸಾಲುಸಾಲಾಗಿ ಗುಣಿಸಿ ಹೊಸ ಕಾಲಂ ಮಾಡಿ, ಅಷ್ಟೇ. ಆರ್ (R) ಎಂಬ ಅಂಕಿಅಂಶದ ಸಾಫ್ಟ್‌ವೇರ್ ಬಳಸುವವರು ಫಾರ್ಮುಲಾದಲ್ಲಿ ‘ಗೊಬ್ಬರ * ನೀರು’ ಎಂದು ಬರೆದರೆ ಎರಡು ಚರಗಳೂ ಅವುಗಳ ಗುಣಲಬ್ಧವೂ ಒಟ್ಟಿಗೆ ಬರುತ್ತವೆ. ‘:’ ಹಾಕಿದರೆ ಗುಣಲಬ್ಧ ಮಾತ್ರ. ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್ ಎಂಬ ಲೈಬ್ರರಿಯ ಫಾರ್ಮುಲಾಗಳಲ್ಲೂ ಹೀಗೇ. ನಾನಂತೂ ನಕ್ಷತ್ರವನ್ನೇ ಹಾಕಿ ಅನ್ನುತ್ತೇನೆ, ಏಕೆಂದರೆ ಮೂಲ ಚರಗಳನ್ನು ಬಿಟ್ಟು ಬರೀ ಗುಣಲಬ್ಧ ಇಟ್ಟರೆ ಅವುಗಳ ಸ್ವಂತ ಪರಿಣಾಮವೂ ಅದರೊಳಗೇ ಸೇರಿಕೊಂಡು ಯಾವುದು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಮಣ್ಣಿನ ಬಗೆಯಂಥ ಗುಂಪುಗಳಿದ್ದರೆ ಡಮ್ಮಿ ಕಾಲಂಗಳನ್ನು (ಆ ಬಗೆಯಾದರೆ 1, ಅಲ್ಲವಾದರೆ 0) ಗುಣಿಸಿ: 3 ಬಗೆಗೆ 2 ಡಮ್ಮಿ (ಉಳಿದ ಬಗೆ ಹೋಲಿಕೆಗೆ), ಆದ್ದರಿಂದ ಗೊಬ್ಬರದ ಜೊತೆ 2 ಹೊಸ ಕಾಲಂ.

ತುಂಬಾ ಜನ ಎಡವುವುದು ಫಲಿತಾಂಶ ಓದುವಾಗ. ಹೀಗೆ ಬಂತು ಅಂದುಕೊಳ್ಳಿ:

ಇಳುವರಿ = 10 + 2×ಗೊಬ್ಬರ + 1×ನೀರು + 0.5×ಗೊಬ್ಬರ×ನೀರು

ಗೊಬ್ಬರದ ಪರಿಣಾಮ 2 ಎಂದು ಬರೆದುಬಿಡಬೇಡಿ! ಅದು ನೀರು ಸೊನ್ನೆ ಇದ್ದಾಗಿನ ಮಾತು. ನೀರು 4 ಇದ್ದಾಗ ಅದು 2 + 0.5×4, ಅಂದರೆ 4. ನೀರೇ ಇಲ್ಲದ ಹೊಲ ನಿಮ್ಮ ದತ್ತಾಂಶದಲ್ಲಿ ಇಲ್ಲದಿದ್ದರೆ ಆ 2 ಯಾರಿಗೂ ಉಪಯೋಗವಿಲ್ಲ.

ಅದಕ್ಕೇ ಗುಣಿಸುವ ಮೊದಲು ಪ್ರತಿ ಚರದಿಂದ ಅದರ ಸರಾಸರಿಯನ್ನು ಕಳೆಯಿರಿ. ನೀರಿನ ಸರಾಸರಿ 4 ಆಗಿದ್ದರೆ ಈಗ ಗೊಬ್ಬರದ ಅಂಕಿ ನೇರವಾಗಿ 4 ಎಂದೇ ಬರುತ್ತದೆ. 0.5 ಹಾಗೇ ಇರುತ್ತದೆ, ಮಾಡೆಲ್ ಹೇಳುವ ಇಳುವರಿಯೂ ಬದಲಾಗುವುದಿಲ್ಲ. ಓದುವುದು ಮಾತ್ರ ಸಲೀಸಾಗುತ್ತದೆ.

ಇನ್ನು, ಸುಮ್ನೆ ಎಲ್ಲ ಜೋಡಿಗಳನ್ನೂ ತುಂಬಬೇಡಿ. 10 ಚರಗಳಿಗೆ 45 ಜೋಡಿ ಆಗುತ್ತವೆ. ಒಂದರಲ್ಲೂ ನಿಜವಾದ ಇಂಟರಾಕ್ಷನ್ ಇಲ್ಲದಿದ್ದರೂ ಶೇ 5ರ ಮಟ್ಟದಲ್ಲಿ (ಇಲ್ಲದ್ದನ್ನು ಇದೆ ಎನ್ನುವ ಸಾಧ್ಯತೆ ಶೇ 5 ಇರುವಂತೆ) ಪರೀಕ್ಷಿಸಿದರೆ ಸರಾಸರಿ ಎರಡಾದರೂ ‘ಸಿಗ್ನಿಫಿಕೆಂಟ್’, ಅಂದರೆ ಬರೀ ಆಕಸ್ಮಿಕವಲ್ಲ, ಅಂತ ಕಾಣಿಸುತ್ತವೆ. ಯಾವ ಜೋಡಿ, ಯಾಕೆ ಎಂದು ದತ್ತಾಂಶ ತೆರೆಯುವ ಮೊದಲೇ ಬರೆದಿಡಿ.

ಕೊನೆಗೆ ನೀರು ಕಡಿಮೆ, ಮಧ್ಯಮ, ಜಾಸ್ತಿ ಇದ್ದಾಗ ಗೊಬ್ಬರದ ಗೆರೆ ಹೇಗಿರುತ್ತದೆ ಎಂದು ಒಂದೇ ಗ್ರಾಫಿನಲ್ಲಿ ಎಳೆಯಿರಿ, ಅದರ ಮೇಲೆ ನಿಜವಾದ ಬಿಂದುಗಳನ್ನೂ ಇಡಿ. ಬಿಂದುಗಳೇ ಇಲ್ಲದ ಕಡೆ ಗೆರೆ ಹೋಗಿದ್ದರೆ ಅಲ್ಲಿಗೇ ಅದನ್ನು ನಿಲ್ಲಿಸಿ.