ತೂಣಗೆಣಸು ಹಾಕ್ತೀರಾ? ಮೊದ್ಲು ಗುಂಡಿ ಸರಿ ಮಾಡ್ಕೊಳ್ಳಿ

ಮಲೆನಾಡು, ಕರಾವಳಿ ಕಡೆ ಮರಕ್ಕೆ ಹಬ್ಬಿಸಿ ಬೆಳೆಯೋ ತೂಣಗೆಣಸು ಸಿಹಿಗೆಣಸೂ ಅಲ್ಲ, ಸುವರ್ಣಗೆಡ್ಡೆನೂ ಅಲ್ಲ. ಬಳ್ಳಿ ಕೈಯಲ್ಲಿ ಹಿಡಿದ್ರೇ ಗೊತ್ತಾಗುತ್ತೆ, ದುಂಡಗಿರಲ್ಲ, ಚೌಕ, ನಾಲ್ಕು ಮೂಲೇಲೂ ರೆಕ್ಕೆ ಥರ ತೆಳ್ಳಗಿನ ಅಂಚು. ಫಿಲಿಪ್ಪೀನ್ಸ್‌ನವ್ರು ಐಸ್‌ಕ್ರೀಮಿಗೆ ಹಾಕೋ ನೇರಳೆ ಬಣ್ಣದ ಉಬೆ ಕೂಡ ಇದೇ ಜಾತಿದು.

ಬಿತ್ತನೆಗೆ ಉತ್ತರ ಕನ್ನಡದ ಜೋಯಿಡಾದಲ್ಲಿ ನಡೆಯೋ ಗೆಡ್ಡೆ ಗೆಣಸು ಮೇಳಕ್ಕೆ ಹೋಗಿ, ಅಲ್ಲಿನ ಕುಣಬಿ ಸಮುದಾಯದ ಜನ ಉಳಿಸ್ಕೊಂಡು ಬಂದಿರೋ ತಳಿಗಳು ನೋಡೋಕೆ ಸಿಗುತ್ತೆ. ತಿರುವನಂತಪುರದ ಗೆಡ್ಡೆ ಬೆಳೆ ಸಂಶೋಧನಾ ಸಂಸ್ಥೆಯವರ ಶ್ರೀ ಕೀರ್ತಿ, ಶ್ರೀ ರೂಪ ತಳಿಗಳೂ ಇವೆ. ಗೆಡ್ಡೆನ 250ರಿಂದ 300 ಗ್ರಾಂ ತುಂಡು ಮಾಡಿ, ಪ್ರತಿ ತುಂಡಲ್ಲೂ ಸಿಪ್ಪೆ ಇರ್ಲೇಬೇಕು, ಮೊಳಕೆ ಬರೋದೇ ಅಲ್ಲಿಂದ. ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ.

ಈಗ ಗುಂಡಿ. ಇಲ್ಲಿ ಮಾತ್ರ ಸೋಮಾರಿತನ ಬೇಡ ದಯವಿಟ್ಟು. ಒಂದೂವರೆ ಅಡಿ ಉದ್ದ, ಅಗಲ, ಆಳ, ಗುಂಡಿಯಿಂದ ಗುಂಡಿಗೆ ಮೂರಡಿ. ನಾನು ಮೊದಲ ವರ್ಷ ಅರ್ಧ ಅಡಿ ಕೆದಕಿ ನೆಟ್ಟಿದ್ದೆ, ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಗೆಡ್ಡೆ ಇಳಿಯೋಕೆ ಜಾಗ ಸಿಗದೆ ಬೆರಳು ಮಡಚಿದ ಕೈ ಥರ ಸೊಟ್ಟಗಾಗಿ, ಸಂದೀಲೆಲ್ಲ ಮಣ್ಣು ಸೇರ್ಕೊಂಡು ತೊಳೆಯೋಕೂ ಆಗ್ಲಿಲ್ಲ. ಮೇಲ್ಮಣ್ಣಿಗೆ ಒಂದು ಕೆಜಿ ಕೊಟ್ಟಿಗೆ ಗೊಬ್ಬರ ಬೆರೆಸಿ ಸಡಿಲವಾಗಿ ತುಂಬಿ. ನೀರು ನಿಲ್ಲೋ ಜಾಗ ಆಗೋದೇ ಇಲ್ಲ, ಕೊಳೆಯುತ್ತೆ. ಜಾಗ ಇಲ್ದೋರು ಸಿಮೆಂಟ್ ಚೀಲದಲ್ಲೂ ಬೆಳೀಬಹುದು, ಕೀಳುವಾಗ ಚೀಲ ಸೀಳಿದ್ರೆ ಆಯ್ತು.

ಮಾರ್ಚ್-ಏಪ್ರಿಲ್‌ನಲ್ಲಿ ನೆಟ್ಟು ಮೇಲೆ ದಪ್ಪಗೆ ತರಗೆಲೆ ಮುಚ್ಚಿ, ಬೇಸಿಗೆ ಬಿಸಿಲಿಗೆ ತುಂಡು ಒಣಗಲ್ಲ, ಮುಂಗಾರು ಪೂರ್ವ ಮಳೆಗೆ ಮೊಳಕೆ ಏಳುತ್ತೆ. ಎದ್ದ ಹದಿನೈದು ದಿನದೊಳಗೆ ಹಗ್ಗ ಕಟ್ಟಿ ಅಡಿಕೆಗೋ ಹಾಲುವಾಣಕ್ಕೋ ಹತ್ತಿಸಿ, ನೆಲದಲ್ಲೇ ಹರಡಿದ್ರೆ ಎಲೆಗೆ ಬಿಸಿಲು ಸಾಲದೆ ಗೆಡ್ಡೆ ಸಣ್ಣದಾಗುತ್ತೆ. ಮಳೆಗಾಲದಲ್ಲಿ ಎರಡು ಸಲ ಕಳೆ ತೆಗೆದು ಮಣ್ಣು ಏರಿಸಿ.

ಒಂಬತ್ತು-ಹತ್ತು ತಿಂಗಳಿಗೆ ಎಲೆ ಹಳದಿಯಾಗಿ ಬಳ್ಳಿ ಒಣಗುತ್ತೆ, ಆಗ ಕೀಳಿ. ಬುಡಕ್ಕೇ ಪಿಕಾಸಿ ಹಾಕ್ಬೇಡಿ, ಒಂದಡಿ ದೂರದಿಂದ ಸುತ್ತ ಬಿಡಿಸ್ತಾ ಬನ್ನಿ. ಏಟು ಬಿದ್ದ ಗೆಡ್ಡೆ ಇಟ್ರೆ ಕೊಳೆಯುತ್ತೆ, ಅದನ್ನ ಮೊದ್ಲು ಸಾಂಬಾರಿಗೆ ಹಾಕಿ. ಹೆಚ್ಚುವಾಗ ಲೋಳೆ ಬರುತ್ತೆ, ಕೆಲವ್ರಿಗೆ ಕೈ ಕಡಿಯುತ್ತೆ, ಕೊಬ್ಬರಿ ಎಣ್ಣೆ ಸವರ್ಕೊಳ್ಳಿ. ಯಾವಾಗ್ಲೂ ಬೇಯಿಸಿಯೇ ತಿನ್ನಿ. ಕಾಡಲ್ಲಿ ಸಿಗೋ ಕೆಲವು ಗೆಣಸು ವಿಷ, ಗೊತ್ತಿರೋರು ತೋರಿಸದೆ ಅಗೆದು ತಿನ್ಬೇಡಿ. ಗಾಯ ಇಲ್ಲದ ಒಂದೆರಡು ಗೆಡ್ಡೆನ ಗಾಳಿಯಾಡೋ ನೆರಳಲ್ಲಿ, ಒಂದರ ಮೇಲೊಂದು ಪೇರಿಸದೆ ಇಟ್ಕೊಳ್ಳಿ, ಮುಂದಿನ ಮಾರ್ಚ್‌ಗೆ ಅದೇ ಬೀಜ.