ಜಾಮ್ ಬಾಟಲಿಯಲ್ಲಿ ರಸಬಾಳೆ

ದೊಡ್ಡಪ್ಪ ಮಚ್ಚು ತಗೊಂಡು ಬಾಳೆಯನ್ನು ಬುಡದಿಂದ ಉದ್ದಕ್ಕೆ ಸೀಳಿ ನನ್ನ ಕಡೆ ತಿರುಗಿಸಿದರು. "ನೋಡವ್ವ, ಇದೇ." ಬೆಳ್ಳಗೆ ಇರಬೇಕಾದ ಕಡೆ ಕಾಫಿ ಬಣ್ಣದ ಗೆರೆಗಳು. ತುಕ್ಕು ಹಿಡಿದ ತಂತಿಗಳನ್ನು ಯಾರೋ ಒಳಗೆ ಪೋಣಿಸಿಟ್ಟ ಹಾಗೆ. ಹೊರಗಿನಿಂದ ನೋಡಿದರೆ ಕೆಳಗಿನ ಎಲೆಗಳು ಮಾತ್ರ ಹಳದಿಯಾಗಿ, ತೊಟ್ಟಿನ ಹತ್ತಿರ ಮುರಿದು, ದಿಂಡಿನ ಸುತ್ತ ಲಂಗದ ಥರ ಜೋತು ಬಿದ್ದಿದ್ದವು. ಮೇಲೆ ಸುಳಿ ಇನ್ನೂ ಹಸಿರಾಗೇ ಇತ್ತು.

ಪನಾಮಾ ಸೊರಗು ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಇಳಿದು, ನೀರು ಸಾಗೋ ನಾಳಗಳನ್ನು ಕಟ್ಟಿಹಾಕುತ್ತೆ. ಬುಡದಲ್ಲಿ ಎಷ್ಟೇ ನೀರಿದ್ದರೂ ಗಿಡ ಬಾಯಾರಿ ಸಾಯುತ್ತೆ. ನಂಜನಗೂಡು ರಸಬಾಳೆ ಇಷ್ಟು ಅಪರೂಪ ಆಗಿರೋದಕ್ಕೆ ಮುಖ್ಯ ಕಾರಣ ಇದೇ. 2005ರ ಸುಮಾರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಕೊಡೋ ಭೌಗೋಳಿಕ ಗುರುತು) ಸಿಕ್ಕಿತು, ಹೆಸರು ಪೇಪರಲ್ಲಿ ಬಂತು. ಆದರೆ ಶಿಲೀಂಧ್ರಕ್ಕೆ ಟ್ಯಾಗ್ ಓದೋಕೆ ಬರಲ್ಲ ಅಲ್ವಾ.

ಆಗ ನಾನು ಎಂಎಸ್ಸಿ ಮುಗಿಸಿ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ, ಅಂದ್ರೆ ಗಿಡದ ಸಣ್ಣ ತುಂಡಿನಿಂದ ಬಾಟಲಿಯಲ್ಲಿ ಸಸಿ ಬೆಳೆಸೋ ಕಡೆ, ಕೆಲಸಕ್ಕೆ ಸೇರಿದ್ದೆ. ದಿನವಿಡೀ ಜಿ-9 ಅನ್ನೋ ತಳಿಯ ಬಾಳೆ ಕತ್ತರಿಸೋದು, ಬಾಟಲಿಗೆ ಹಾಕೋದು. ಇದನ್ನೇ ರಸಬಾಳೆಗೂ ಮಾಡೋಣ ಅನ್ನಿಸಿತು. ಲ್ಯಾಬಿನವರು ಬಿಡುವಿನ ವೇಳೆಯಲ್ಲಿ ಮಾಡಿಕೋ ಅಂದರು. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನ ಬರೀತಿದ್ದೇನೆ. ಯಾಕಂದ್ರೆ ಟಿಶ್ಯೂ ಕಲ್ಚರ್ ಅಂದ ಕೂಡಲೇ ಜನ ಒಂದೋ ಅದು ಕೆಮಿಕಲ್ ಗಿಡ ಅಂತಾರೆ, ಇಲ್ಲಾ ಅದಕ್ಕೆ ರೋಗವೇ ಬರಲ್ಲ ಅಂತಾರೆ. ಎರಡೂ ತಪ್ಪು.

ಮೊದಲು ಒಂದು ವಿಷಯ. ನಾವು ತಿನ್ನೋ ಬಾಳೆಯಲ್ಲಿ ಬೀಜ ಇಲ್ಲ. ಹಣ್ಣು ಅಡ್ಡಕ್ಕೆ ಕುಯ್ದರೆ ನಡುವೆ ಕಾಣೋ ಕರಿ ಚುಕ್ಕೆಗಳು ಬೀಜ ಆಗದೇ ಉಳಿದ ಅಂಡಕಗಳು. ಪ್ರತಿ ಕ್ರೋಮೊಸೋಮ್ ಎರಡರ ಬದಲು ಮೂರು ಪ್ರತಿ ಇರೋದರಿಂದ ಸರಿಯಾಗಿ ಹಂಚಿಕೆ ಆಗಲ್ಲ, ಬೀಜ ಕಟ್ಟಲ್ಲ. ಹಾಗಾಗಿ ಗಡ್ಡೆಯಿಂದ ಏಳೋ ಕಂದೇ ಗತಿ. ತಾಯಿ ಗಿಡದ ಗಡ್ಡೆಯಲ್ಲಿ ಶಿಲೀಂಧ್ರ ಇದ್ದರೆ ಕಂದು ನೋಡೋಕೆ ಲಕ್ಷಣವಾಗಿದ್ದರೂ ಅದರ ಬುಡದಲ್ಲಿ ರೋಗ ಕೂತಿರುತ್ತೆ. ಪಕ್ಕದ ಊರಿನವರು ಪ್ರೀತಿಯಿಂದ ಕೊಟ್ಟ ನಾಲ್ಕು ಕಂದಿನ ಜೊತೆ ರೋಗವೂ ಗಾಡಿ ಹತ್ತುತ್ತೆ. ದೊಡ್ಡಪ್ಪನ ತೋಟಕ್ಕೂ ಅದು ಬಂದದ್ದು ಹಾಗೇ.

ಟಿಶ್ಯೂ ಕಲ್ಚರಿನಲ್ಲಿ ನಾವು ನಂಬೋದು ಬೆಳೆಯೋ ತುದಿಯನ್ನ. ಕಂದಿನ ಒಳಗೆ, ಗಡ್ಡೆಯ ನೆತ್ತಿಯ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕ ಗುಮ್ಮಟದಂಥ ಜಾಗ ಇರುತ್ತೆ. ಅಲ್ಲಿ ಇನ್ನೂ ನಾಳಗಳು ಹುಟ್ಟಿರಲ್ಲ. ನಾಳ ಇಲ್ಲದ ಕಡೆಗೆ ನಾಳದಲ್ಲೇ ಓಡಾಡೋ ಫ್ಯುಸೇರಿಯಂ ತಲುಪೋದು ಕಷ್ಟ.

ನಾನು ಕಂದು ಆರಿಸಿದ್ದು ತೋಟದ ಮೂಲೆಯಲ್ಲಿ, ಮೂರು ಬೆಳೆ ಕಂಡರೂ ರೋಗ ಕಾಣದೆ ಒಳ್ಳೇ ಗೊನೆ ಕೊಟ್ಟಿದ್ದ ಗಿಡಗಳಿಂದ. ಕತ್ತಿಯಂಥ ಚೂಪು ಎಲೆಯ ಕಂದು, ಮೊಣಕಾಲೆತ್ತರದ್ದು. ಮನೆ ಹಿತ್ತಲಲ್ಲೇ ಕೂತು ಮಣ್ಣು ತೊಳೆದು, ಬೇರು ಹೆರೆದು, ಪಟ್ಟೆ ಒಂದೊಂದಾಗಿ ಬಿಚ್ಚುತ್ತಾ ಹೋದೆ. ತೊಡೆ ಗಾತ್ರದ ಕಂದು ಹೆಬ್ಬೆರಳಿನಷ್ಟಾಯಿತು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಏನವ್ವ ಇದು, ಎಲ್ಲಾ ಕೊಚ್ಚಿ ಬಿಸಾಕ್ತಾ ಇದ್ದೀಯಲ್ಲ, ನೆಡಕ್ಕೆ ಉಳಿಯೋದೇನು?" ಲ್ಯಾಬಿನಲ್ಲಿ ಇನ್ನೂ ಕೊಚ್ಚುತ್ತೀನಿ ಅಂತ ನಾನು ಹೇಳಲಿಲ್ಲ. ಸೊನೆ ಕಲೆ ಮಾತ್ರ ನನ್ನ ಚೂಡಿದಾರದ ಮೇಲೆ ಇವತ್ತಿಗೂ ಇದೆ.

ಲ್ಯಾಬಿನಲ್ಲಿ ತೊಳೆಯೋದು ಒಂದು ದೊಡ್ಡ ಪೂಜೆ. ನಲ್ಲಿ ನೀರಲ್ಲಿ ಅರ್ಧ ಗಂಟೆ, ಸೋಪಿನ ನೀರು, ಬಾವಿಸ್ಟಿನ್ ಅನ್ನೋ ಶಿಲೀಂಧ್ರನಾಶಕದ ದ್ರಾವಣ, ಆಮೇಲೆ ಲ್ಯಾಮಿನಾರ್ ಏರ್‌ಫ್ಲೋ (ಸೋಸಿದ ಗಾಳಿ ಬೀಸೋ ಪೆಟ್ಟಿಗೆ) ಒಳಗೆ 70 ಪರ್ಸೆಂಟ್ ಆಲ್ಕೋಹಾಲ್ ಒಂದು ನಿಮಿಷ, ಕೊನೆಗೆ 0.1 ಪರ್ಸೆಂಟ್ ಮರ್ಕ್ಯುರಿಕ್ ಕ್ಲೋರೈಡ್ ಎಂಟು ನಿಮಿಷ. ಇದು ಪಾದರಸದ ವಿಷ, ಕೈಗವಸು ಇಲ್ಲದೆ ಮುಟ್ಟಬಾರದು, ಬಳಸಿದ ನೀರನ್ನ ಸಿಂಕಿಗೆ ಸುರಿಯಲೇಬಾರದು. ನಮ್ಮಲ್ಲಿ ಅದಕ್ಕೆ ಬೇರೆ ಕ್ಯಾನ್ ಇತ್ತು. ಆಮೇಲೆ ಸ್ಟೆರೈಲ್ ನೀರಲ್ಲಿ ನಾಲ್ಕು ಸಲ ತೊಳೆದು, ವಿಷ ತಗುಲಿದ ಹೊರಗಿನ ಪಟ್ಟೆಗಳನ್ನ ತೆಗೆದು, ಒಂದು ಸೆಂಟಿಮೀಟರ್ ತುಂಡು ಉಳಿಸಿ ಬಾಟಲಿಗೆ.

ಬಾಟಲಿ ಅಂದ್ರೆ ಜಾಮ್ ಬಾಟಲಿ. ಶಾಖ ತಡೆಯೋ ಪ್ಲಾಸ್ಟಿಕ್ ಮುಚ್ಚಳ. ನಮ್ಮ ದೇಶದ ಎಷ್ಟೋ ಲ್ಯಾಬುಗಳು ನಡೆಯೋದು ಇದರ ಮೇಲೇ. ಸಕ್ಕರೆಯೂ ಅಷ್ಟೇ, ಲೀಟರಿಗೆ 30 ಗ್ರಾಂ, ಅಂಗಡಿ ಸಕ್ಕರೆ ಸಾಕು. ಬಾಟಲಿಯೊಳಗಿನ ಗಿಡ ತನ್ನ ಊಟ ತಾನು ಸರಿಯಾಗಿ ಬೇಯಿಸಿಕೊಳ್ಳಲ್ಲ, ನಾವೇ ಸಿಹಿ ತಿನ್ನಿಸಬೇಕು. ಅದರ ಜೊತೆ ಹೆಪ್ಪುಗಟ್ಟಿಸೋ ಅಗಾರ್ 8 ಗ್ರಾಂ ಮತ್ತು ಎಂಎಸ್ ಲವಣಗಳು.

ಈ ಎಂಎಸ್ ಅಂದರೆ ಮುರಾಶಿಗೆ ಮತ್ತು ಸ್ಕೂಗ್, ಇಬ್ಬರು ಸಸ್ಯವಿಜ್ಞಾನಿಗಳ ಹೆಸರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಕೂಗ್ ಅವರ ವಿದ್ಯಾರ್ಥಿಯಾಗಿದ್ದ ತೊಶಿಯೊ ಮುರಾಶಿಗೆ ಹೊಗೆಸೊಪ್ಪಿನ ಎಲೆಯ ರಸದಲ್ಲಿ ಯಾವುದೋ ಹೊಸ ಹಾರ್ಮೋನ್ ಇರಬೇಕು ಅಂತ ಹುಡುಕುತ್ತಾ ಹೋದರು. ರಸ ಹಾಕಿದರೆ ಕಲ್ಚರ್ ಜಾಸ್ತಿ ಬೆಳೀತಿತ್ತು. ನೋಡಿದರೆ ಆ ಪರಿಣಾಮದ ಬಹುಪಾಲು ರಸದಲ್ಲಿದ್ದ ಸಾಮಾನ್ಯ ಲವಣಗಳದ್ದು! ಆ ಲವಣಗಳ ಲೆಕ್ಕವನ್ನೇ ಸರಿಮಾಡಿ 1962ರಲ್ಲಿ ಪ್ರಕಟಿಸಿದರು. ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದನ್ನು ಇವತ್ತಿಗೂ ಲೋಕವೆಲ್ಲ ಬಳಸ್ತಾ ಇದೆ. ನನಗೆ ಇದು ಬಹಳ ಇಷ್ಟದ ಕಥೆ. ಇನ್ನೊಂದು ಇದೆ: 1941ರಲ್ಲಿ ವಾನ್ ಓವರ್‌ಬೀಕ್ ಅನ್ನೋ ಸಸ್ಯವಿಜ್ಞಾನಿ ದತ್ತೂರಿಯ ಎಳೇ ಭ್ರೂಣಗಳನ್ನ ಬೆಳೆಸೋಕೆ ಬಳಸಿದ್ದು ತೆಂಗಿನಕಾಯಿ ನೀರು. ಗಿಡದ ಕೋಶ ಒಡೆದು ಹೆಚ್ಚಾಗೋಕೆ ಬೇಕಾದ ಸೈಟೊಕೈನಿನ್ ಅದರಲ್ಲಿ ಇದ್ದೇ ಇರುತ್ತೆ. ನಾನೂ ಒಂದಷ್ಟು ಬಾಟಲಿಗೆ ಎಳನೀರು ಹಾಕಿ ನೋಡಿದೆ. ತುಂಡು ಚೆನ್ನಾಗಿ ಬೆಳೀತು, ಆದರೆ ಪ್ರತಿ ಕಾಯಿಯೂ ಒಂದೊಂದು ಥರ, ಲೆಕ್ಕ ಸಿಗಲ್ಲ. ಕೊನೆಗೆ ಎಲ್ಲರ ಥರ ಬಿಎಪಿ ಅನ್ನೋ ತಯಾರಿಸಿದ ಸೈಟೊಕೈನಿನ್‌ಗೇ ಬಂದೆ, ಲೀಟರಿಗೆ 5 ಮಿಲಿಗ್ರಾಂ.

ಮೊದಲ ತಪ್ಪು ಬೇಗ ಆಯಿತು. ಒಂದು ದಿನ ಆತುರದಲ್ಲಿ ಪಿಎಚ್ (ಹುಳಿಯ ಮಟ್ಟ) ನೋಡದೆ ಮೀಡಿಯಾವನ್ನ, ಅಂದ್ರೆ ಬಾಟಲಿಗೆ ಹಾಕೋ ಈ ಊಟವನ್ನ, ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿಗೆ ಇಟ್ಟೆ. 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ, ಎಲ್ಲಾ ಸರಿ. ಬೆಳಿಗ್ಗೆ ಬಂದು ಬಾಟಲಿ ಓರೆ ಮಾಡಿದರೆ ಗಟ್ಟಿ ಮೊಸರಿನ ಥರ ಇರಬೇಕಾದದ್ದು ಗಂಜಿಯ ಥರ ಜಾರ್ತಾ ಇದೆ. ಹುಳಿ ಜಾಸ್ತಿ ಇದ್ದರೆ ಅಗಾರ್ ಬಿಸಿಗೆ ಒಡೆದುಹೋಗುತ್ತೆ, ಹೆಪ್ಪುಗಟ್ಟಲ್ಲ. 5.8ಕ್ಕೆ ತಂದೇ ಇಡಬೇಕು. ಐದು ಲೀಟರ್ ಚೆಲ್ಲಿದೆ.

ಎರಡನೆಯದು ಕಪ್ಪಾಗೋದು. ಬಾಳೆಕಾಯಿ ಹೆಚ್ಚಿದರೆ ಕಪ್ಪಾಗಲ್ವಾ, ಅದೇ. ಕತ್ತರಿಸಿದ ಜಾಗದಿಂದ ಫೀನಾಲ್ ಒಸರಿ ಸುತ್ತಲಿನ ಮೀಡಿಯಾ ಕಾಫಿ ಡಿಕಾಕ್ಷನ್ ಆಗುತ್ತೆ, ತುಂಡು ತನ್ನ ವಿಷದಲ್ಲಿ ತಾನೇ ಸಾಯುತ್ತೆ. ಮನೆಯಲ್ಲಿ ಅಮ್ಮ ಹೆಚ್ಚಿದ ಬಾಳೆಕಾಯಿಯನ್ನ ಮಜ್ಜಿಗೆ ನೀರಲ್ಲಿ ಹಾಕೋದು ಇದಕ್ಕೇ. ನಾನು ಆಸ್ಕಾರ್ಬಿಕ್ ಮತ್ತು ಸಿಟ್ರಿಕ್ ಆಮ್ಲದ ನೀರಲ್ಲಿ ಅದ್ದಿಟ್ಟು, ಮೊದಲ ಎರಡು ವಾರ ಕತ್ತಲಲ್ಲಿಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಬಾಟಲಿಗೆ ಬದಲಾಯಿಸಿದೆ. ಮುಕ್ಕಾಲು ಪಾಲು ಉಳಿದವು.

ನಾಲ್ಕನೇ ವಾರಕ್ಕೆ ತುಂಡಿನ ಬುಡ ಊದಿ ಹಸಿರಾಯಿತು. ಪಕ್ಕದಲ್ಲಿ ಅಕ್ಕಿ ಕಾಳಿನಂಥ ಮೊಗ್ಗುಗಳು, ಒಂದು, ಎರಡು, ನಾಲ್ಕು. ನಾನು ಬಾಟಲಿ ಹಿಡ್ಕೊಂಡು ಇಡೀ ಲ್ಯಾಬಿಗೆ ತೋರಿಸಿ ಬಂದೆ, ಜಿ-9 ಅನ್ನು ಲಕ್ಷಗಟ್ಟಲೆ ಮಾಡೋ ಜನಕ್ಕೆ ನಗು.

ನಿಜವಾದ ಪೆಟ್ಟು ಬಿದ್ದದ್ದು ಮೂರನೇ ಸಬ್‌ಕಲ್ಚರ್ (ಮೊಳಕೆ ಬಿಡಿಸಿ ಹೊಸ ಬಾಟಲಿಗೆ ಹಾಕೋದು) ಆದ ಮೇಲೆ. ಹೊರಗಿನ ಬೂಷ್ಟು ಬಂದರೆ ಮೂರು ನಾಲ್ಕು ದಿನದಲ್ಲೇ ಹತ್ತಿಯ ಥರ ಎದ್ದು ಕಾಣುತ್ತೆ, ಬಾಟಲಿ ಎಸೆದರಾಯಿತು. ಇದು ಹಾಗಲ್ಲ. ಎರಡು ತಿಂಗಳಿಂದ ಚೊಕ್ಕಟವಾಗಿದ್ದ ಬಾಟಲಿಗಳಲ್ಲಿ ಮೊಳಕೆಯ ಬುಡದ ಸುತ್ತ, ಅಗಾರಿನ ಒಳಗೆ, ಹಾಲು ತೊಟ್ಟಿಕ್ಕಿದ ಹಾಗೆ ಮಬ್ಬು. ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿದರೆ ಮಾತ್ರ ಕಾಣೋದು. ಬ್ಯಾಕ್ಟೀರಿಯಾ. ನನ್ನ ಕೈಯಿಂದ ಬಂದದ್ದಲ್ಲ, ಗಿಡದ ಒಳಗೇ ಇದ್ದದ್ದು. ತೋಟದಲ್ಲಿ ಗಿಡದ ಜೊತೆ ತಂಟೆ ಇಲ್ಲದೆ ಬದುಕಿರುತ್ತೆ. ಬಾಟಲಿಯಲ್ಲಿ ಸಕ್ಕರೆ ಸಿಕ್ಕಿದ ಕೂಡಲೇ ಬಾಲ ಬಿಚ್ಚುತ್ತೆ. ಪಾದರಸದ ವಿಷ ಹೊರಮೈ ತೊಳೆಯುತ್ತೆ ಹೊರತು ಒಳಗೆ ಹೋಗಲ್ಲ.

ಸೆಫೊಟ್ಯಾಕ್ಸಿಮ್ ಅನ್ನೋ ಆಂಟಿಬಯೋಟಿಕ್ ಹಾಕಿದೆ. ಮಬ್ಬು ಹೋಯಿತು. ಔಷಧ ಇಲ್ಲದ ಮೀಡಿಯಾಗೆ ಬದಲಾಯಿಸಿದ ಹತ್ತೇ ದಿನಕ್ಕೆ ಮತ್ತೆ ಬಂತು. ಆಂಟಿಬಯೋಟಿಕ್ ಅದನ್ನ ಕೊಂದಿರಲಿಲ್ಲ, ಸುಮ್ನೆ ಕೂರಿಸಿತ್ತು. ಅರ್ಧಕ್ಕಿಂತ ಜಾಸ್ತಿ ಬಾಟಲಿಗಳನ್ನ ಮುಚ್ಚಳ ತೆಗೆಯದೆ ಆಟೋಕ್ಲೇವಿಗೆ ಹಾಕಿ, ಆಮೇಲೆ ತೊಳೆದೆ. ಬೆಂದ ಬಾಳೆಯ ಆ ವಾಸನೆ ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತೆ. ಅಲ್ಲಿಂದ ಮುಂದೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಕಂದಿಗೂ ನಂಬರ್. ಅದರಿಂದ ಹುಟ್ಟಿದ ಎಲ್ಲಾ ಬಾಟಲಿಗೂ ಅದೇ ನಂಬರ್. ಬುಡದ ಒಂದು ಚೂರನ್ನ ನ್ಯೂಟ್ರಿಯೆಂಟ್ ಅಗಾರ್ ತಟ್ಟೆಗೆ ಒತ್ತಿ ಎರಡು ದಿನ ಕಾಯೋದು. ತಟ್ಟೆಯಲ್ಲಿ ಏನಾದರೂ ಎದ್ದರೆ ಆ ವಂಶ ಪೂರ್ತಿ ಔಟ್. ಕರುಣೆ ತೋರಿಸಿದರೆ ಆರು ತಿಂಗಳ ನಂತರ ಅಳಬೇಕಾಗುತ್ತೆ.

ಕೊನೆಗೆ ಉಳಿದದ್ದು ನಾಲ್ಕು ಕಂದಿನ ವಂಶ. ಆರು ಸಲ ಸಬ್‌ಕಲ್ಚರ್ ಮಾಡಿ ನಿಲ್ಲಿಸಿದೆ. ಎಂಟರ ಮೇಲೆ ಹೋಗಬಾರದು ಅನ್ನೋದು ಬಾಳೆ ಲ್ಯಾಬುಗಳ ವಾಡಿಕೆ, ಜಾಸ್ತಿ ಎಳೆದರೆ ಗಿಡ್ಡ ಗಿಡ, ವಿಚಿತ್ರ ಎಲೆ ಎಲ್ಲಾ ಶುರುವಾಗುತ್ತೆ. ಬೇರು ಬರಿಸೋದು ಸುಲಭ: ಬಿಎಪಿ ತೆಗೆದು ಐಬಿಎ ಅನ್ನೋ ಬೇರು ಬರಿಸೋ ಹಾರ್ಮೋನ್ ಮತ್ತು ಸ್ವಲ್ಪ ಇದ್ದಿಲ ಪುಡಿ. ಮೂರು ವಾರಕ್ಕೆ ಕಪ್ಪು ಮೀಡಿಯಾದೊಳಗೆ ಬಿಳಿ ಬೇರು.

ಹಾರ್ಡನಿಂಗ್, ಅಂದ್ರೆ ಸಸಿಗೆ ಹೊರಗಿನ ಗಾಳಿ ಬಿಸಿಲು ರೂಢಿ ಮಾಡಿಸೋದು, ಸುಲಭ ಅಲ್ಲ. ಬಾಟಲಿಯೊಳಗೆ ಗಿಡ ರಾಜಕುಮಾರನ ಥರ ಇರುತ್ತೆ, ಎಲೆಯ ಮೇಲೆ ಮೇಣದ ಪದರ ಇಲ್ಲದ ಹಾಗೇ, ಪತ್ರರಂಧ್ರ ಮುಚ್ಚೋದು ಕಲಿತೇ ಇಲ್ಲ. ಮೊದಲ ಟ್ರೇ ನಾನು ಮಧ್ಯಾಹ್ನ ಹೊರಗೆ ತೆಗೆದೆ. ಊಟ ಮುಗಿಸಿ ಬರೋಷ್ಟರಲ್ಲಿ ಬೇಯಿಸಿದ ಸೊಪ್ಪು. ಆಮೇಲೆ ಸಂಜೆ ಐದರ ಮೇಲೆ ಮಾತ್ರ ತೆಗೆದೆ. ಬೇರಿಗೆ ಅಂಟಿದ ಅಗಾರನ್ನ ಪೂರ್ತಿ ತೊಳೆದು, ಕೊಕೊಪೀಟ್ ಟ್ರೇಯಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬಂದೆ. ಟ್ರೇಯಲ್ಲಿ ಐದು ವಾರ, ಪಾಲಿಥೀನ್ ಚೀಲದಲ್ಲಿ ಇನ್ನೈದು ವಾರ. ಕಂದು ಕಿತ್ತ ದಿನದಿಂದ ಇಲ್ಲಿಗೆ ಹತ್ತಿರ ಹತ್ತಿರ ಒಂದು ವರ್ಷ.

ಸಸಿಗಳನ್ನ ಊರಿಗೆ ಕಳಿಸುವಾಗ ದೊಡ್ಡಪ್ಪನಿಗೆ ಕೂರಿಸಿ ಹೇಳಿದೆ. ಇದು ರೋಗ ಇಲ್ಲದ ಸಸಿ, ರೋಗ ಬಾರದ ಸಸಿ ಅಲ್ಲ. ಹಳೇ ತೋಟದ ಮಣ್ಣಲ್ಲಿ ಶಿಲೀಂಧ್ರದ ಗಟ್ಟಿ ಬೀಜಕಗಳು ಹತ್ತಾರು ವರ್ಷ ಬದುಕಿರುತ್ತೆ, ಅಲ್ಲಿ ನೆಡಬೇಡಿ, ಗದ್ದೆ ಕಡೆ ನೆಡಿ. ಆಯ್ತವ್ವ ಅಂದರು. ಅಂದು, ಅರ್ಧ ಗದ್ದೆ ಬಯಲಲ್ಲಿ, ಅರ್ಧ ಹಳೇ ತೋಟದಲ್ಲಿ ನೆಟ್ಟರು. "ಲ್ಯಾಬಿಂದ ಬಂದದ್ದಲ್ವಾ, ತಡ್ಕೊಳ್ತದೆ ಅಂದ್ಕಂಡೆ." ಅವರನ್ನ ಬೈಯೋಕೆ ಮನಸ್ಸಾಗಲಿಲ್ಲ. ಸಸಿ ಮಾರೋ ಎಷ್ಟೋ ಜನ ಹೇಳೋದೂ ಹಾಗೇ ಅಲ್ವಾ. ಐದನೇ ತಿಂಗಳಿಗೆ ಹಳೇ ತೋಟದ ಗಿಡಗಳು ಕೆಳಗಿನ ಎಲೆಯಿಂದ ಹಳದಿಯಾದವು. ನಾನೇ ಹೋಗಿ ಸೀಳಿದೆ. ಅದೇ ಕಾಫಿ ಬಣ್ಣದ ಗೆರೆ. ಒಂದು ವರ್ಷ ಗಾಜಿನೊಳಗೆ ಕಾಪಾಡಿದ್ದಕ್ಕೆ ಅಲ್ಲಿ ಐದು ತಿಂಗಳು ಆಯಸ್ಸು.

ಗದ್ದೆ ಬಯಲಿನವು ನಿಂತಿವೆ. ಅಲ್ಲಿ ವರ್ಷಾನುಗಟ್ಟಲೆ ಭತ್ತಕ್ಕೆ ನೀರು ನಿಂತ ನೆಲ, ಬಾಳೆ ಕಂಡದ್ದೇ ಇಲ್ಲ. ಬುಡಕ್ಕೆ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನ ತಡೆಯೋ ಇನ್ನೊಂದು ಶಿಲೀಂಧ್ರ) ಕೊಟ್ಟಿದ್ದೇವೆ. ಹಳೇ ತೋಟದ ನೀರು ಆ ಕಡೆ ಹರಿಯದ ಹಾಗೆ ಬದು ಎತ್ತರಿಸಿದ್ದೇವೆ. ಗುದ್ದಲಿ, ಮಚ್ಚು ಎರಡೂ ಕಡೆಗೆ ಬೇರೆ ಬೇರೆ. ಸಸಿ ಕೊಳ್ಳೋರು ಯಾರಾದರೂ ಇದನ್ನ ಓದ್ತಾ ಇದ್ದರೆ, ಕೇಂದ್ರ ಸರ್ಕಾರದ ಟಿಶ್ಯೂ ಕಲ್ಚರ್ ಸಸಿ ಪ್ರಮಾಣೀಕರಣ ವ್ಯವಸ್ಥೆ 2006ರಿಂದ ಇದೆ, ವೈರಸ್ ಪರೀಕ್ಷೆ ಆದ ಸಸಿಯ ಲೇಬಲ್ ಕೇಳಿ ತಗೊಳ್ಳಿ. ಬಂಚಿ ಟಾಪ್‌ನಂಥ ವೈರಸ್ ಬಾಟಲಿಯಲ್ಲಿ ಕಣ್ಣಿಗೆ ಕಾಣಲ್ಲ, ನಾನು ಮಾಡಿದ ತಟ್ಟೆ ಪರೀಕ್ಷೆಯಲ್ಲೂ ಗೊತ್ತಾಗಲ್ಲ. ನನ್ನ ಸಸಿಗಳ ಎಲೆ ಚೂರುಗಳನ್ನ ಬೇರೆ ಕಡೆ ಕಳಿಸಿ ಪರೀಕ್ಷೆ ಮಾಡಿಸಿದ್ದೆ.

ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. ಮೊದಲ ಗೊನೆ ಬಾಗಿದೆಯಂತೆ. ಜೊತೆಗೆ ಅದರ ಪಕ್ಕದ ಗಿಡದಲ್ಲಿ ಒಂದು ಎಲೆ ಅಂಚಿನಿಂದ ಹಳದಿ. ಪೊಟ್ಯಾಷ್ ಕಡಿಮೆಯಾದರೂ ಹಾಗಾಗುತ್ತೆ, ಹಳೇ ಎಲೆ ಆದರೂ ಹಾಗಾಗುತ್ತೆ. "ಸೀಳ್ಲಾ?" ಅಂತ ಕೇಳಿದರು. ಬೇಡ, ಮಚ್ಚು ಮುಟ್ಟಬೇಡಿ, ಭಾನುವಾರ ನಾನೇ ಬರ್ತೀನಿ ಅಂದೆ. ಸ್ಪಿರಿಟ್ ಬಾಟಲಿ, ಹೊಸ ಬ್ಲೇಡು, ನಾಲ್ಕು ಪ್ಲಾಸ್ಟಿಕ್ ಕವರು ಬ್ಯಾಗಿಗೆ ಹಾಕಿಟ್ಟಿದ್ದೇನೆ.