ಮೊದಲು ಬ್ಲೇಡ್ ಯಾವುದು ನೋಡಿ, ಆಮೇಲೆ ಕಟಿಂಗ್ ಮಷೀನ್ ಕೊಳ್ಳಿ

ಮನೆ ರಿಪೇರಿ ಶುರುವಾದರೆ ಸಾಕು, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಗೆ ಹೋಗಿ ‘ಒಂದು ಕಟಿಂಗ್ ಮಷೀನ್ ಕೊಡಿ’ ಎಂದು ಕೇಳುವವರು ಜಾಸ್ತಿ. ಕೈಗೆ ಬರುವುದು ನಾಲ್ಕು ಇಂಚು ಅಗಲದ ದುಂಡು ಬ್ಲೇಡ್ ತಿರುಗಿಸುವ ಕೈ ಮಷೀನ್, ಅಂದರೆ ನಾಲ್ಕು ಇಂಚಿನ ಗ್ರೈಂಡರ್. ಕಂಬಿ, ಟೈಲ್ಸ್, ಚಪ್ಪಡಿ, ಮರ ಎಲ್ಲವನ್ನೂ ಅದರಲ್ಲೇ ಕೊಯ್ಯಲು ಹೊರಡುತ್ತಾರೆ. ಸಾಲದು ಅನ್ನಿಸಿದರೆ ಬ್ಲೇಡಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿ ದೊಡ್ಡ ಬ್ಲೇಡ್ ಹಾಕುತ್ತಾರೆ. ಹೀಗೆ ಮಾಡಿ ಕೈಗೆ ಹೊಲಿಗೆ ಹಾಕಿಸಿಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಏನು ಕೊಯ್ಯಬೇಕು, ಎಷ್ಟು ದಪ್ಪ?

ಟೇಪ್ ಹಿಡಿದು ಅಳೆದುಕೊಳ್ಳಿ. ನಾಲ್ಕು ಇಂಚಿನ ಬ್ಲೇಡ್ ಎರಡು ಇಂಚು ಆಳಕ್ಕೆ ಇಳಿಯುವುದಿಲ್ಲ. ನಡುವಿನ ನಟ್ಟು, ಗೇರ್ ಇರುವ ಭಾಗ ಅಡ್ಡ ಬರುತ್ತವೆ. ಒಂದು ಇಂಚು ಸಿಕ್ಕರೆ ಹೆಚ್ಚು. ಟೈಲ್ಸ್, ಅಡುಗೆಮನೆ ಗ್ರಾನೈಟ್‌ಗೆ ಅಷ್ಟು ಸಾಕು. ನಮ್ಮ ಕಡೆ ಕಾಂಪೌಂಡಿಗೆ ನಿಲ್ಲಿಸುವ ದಪ್ಪ ಚಪ್ಪಡಿಗೆ ಸಾಲದು. ಅದಕ್ಕೆ ಏಳು ಇಂಚಿನ ಮಷೀನ್ ಬೇಕು, ಅದನ್ನು ಹಿಡಿಯುವ ಪಳಗಿದ ಕೈಯೂ ಬೇಕು. ಕಲ್ಲು ಕೆಲಸದವರಿಗೇ ಕೊಡಿ.

2. ಕೆಲಸಕ್ಕೆ ತಕ್ಕ ಮಷೀನ್

ಟೈಲ್ಸ್, ಗ್ರಾನೈಟ್ ಆದರೆ ಮಾರ್ಬಲ್ ಕಟರ್. ಅದರ ಅಡಿಯಲ್ಲಿ ಚಪ್ಪಟೆ ತಗಡಿರುತ್ತದೆ, ಗೆರೆ ನೆಟ್ಟಗೆ ಬರುತ್ತದೆ. ಕಂಬಿ, ಆಂಗಲ್, ಗ್ರಿಲ್ ಆದರೆ ಗ್ರೈಂಡರ್. ಹತ್ತಾರು ಪೈಪ್ ಒಂದೇ ಅಳತೆಗೆ ಬೇಕಾದರೆ 14 ಇಂಚಿನ ಕಟಾಫ್ ಮಷೀನ್. ಅದನ್ನು ಕೊಳ್ಳಬೇಡಿ, ವೆಲ್ಡಿಂಗ್ ಶಾಪಿನಲ್ಲಿ ಕಟ್ ಮಾಡಿಸಿಕೊಂಡು ಬನ್ನಿ. ಮರಕ್ಕೆ ಮರದ ಗರಗಸವೇ. ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕಲೇಬೇಡಿ. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಮಷೀನ್ ನಿಮ್ಮ ಕಡೆಗೇ ಒದೆಯುತ್ತದೆ, ಹಿಡಿದುಕೊಳ್ಳಲು ಆಗುವುದಿಲ್ಲ.

ಗ್ರೈಂಡರ್ ಕೊಳ್ಳುವುದಾದರೆ ಒತ್ತಿ ಹಿಡಿದಾಗ ಮಾತ್ರ ಓಡುವ ಸ್ವಿಚ್ಚಿನದೇ ತಗೊಳ್ಳಿ. ತಳ್ಳಿಬಿಟ್ಟರೆ ಓಡುತ್ತಲೇ ಇರುವ ಸ್ವಿಚ್ ಅಗ್ಗ. ಆದರೆ ಕೈ ಜಾರಿ ಬಿದ್ದರೂ ಅದು ತಿರುಗುತ್ತಲೇ ಇರುತ್ತದೆ. ಪಕ್ಕದ ಹಿಡಿ, ಗಾರ್ಡ್ ಎರಡೂ ಡಬ್ಬಿಯಲ್ಲಿ ಇವೆಯೇ ನೋಡಿ. ಗಾರ್ಡ್ ಇಲ್ಲದ ಮಷೀನ್ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

3. ಬ್ಲೇಡ್: ಎಲ್ಲರೂ ಎಡವುವುದು ಇಲ್ಲೇ

ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ.ಗಿಂತ ಜೋರಾಗಿ ಓಡುತ್ತಿರುತ್ತದೆ. ಏಳು ಇಂಚಿನ ಕಟಿಂಗ್ ವೀಲ್ (ಕಬ್ಬಿಣ ಕೊಯ್ಯುವ ದುಂಡು ಬಿಲ್ಲೆ) ಸಾಮಾನ್ಯವಾಗಿ ತಡೆಯುವುದು 8,500 ಸುತ್ತಿನವರೆಗೆ. ಅದನ್ನು ಚಿಕ್ಕ ಗ್ರೈಂಡರ್‌ಗೆ ಸಿಕ್ಕಿಸಿದರೆ ವೀಲ್ ಚೂರಾಗಿ ಹಾರಬಹುದು. ಎದುರಿಗೆ ಗಾರ್ಡ್ ಕೂಡ ಇಲ್ಲ, ಮುಖ ಇದೆ. ವೀಲಿನ ಮೇಲೆ ಬರೆದಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ), ಮಷೀನಿನ ಆರ್‌ಪಿಎಂಗಿಂತ ಕಡಿಮೆ ಇರಲೇಬಾರದು. ಅಂಗಡಿಯಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಆಮೇಲೆ ನಡುವಿನ ತೂತು. ನಾಲ್ಕು ಇಂಚಿನ ಗ್ರೈಂಡರ್ ವೀಲಿನದು ಸಾಮಾನ್ಯವಾಗಿ 16 ಮಿ.ಮೀ., ಮಾರ್ಬಲ್ ಕಟರ್ ಬ್ಲೇಡಿನದು 20. ‘ಒಂದು ವಾಷರ್ ಇಟ್ಟರೆ ಕೂರುತ್ತೆ ಬಿಡಿ’ ಎನ್ನುವವರ ಮಾತು ಕೇಳಬೇಡಿ. ಬ್ಲೇಡ್ ನಟ್ಟನಡುವೆ ಕೂರದಿದ್ದರೆ ಮಷೀನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ, ವೀಲ್ ಸೀಳುತ್ತದೆ.

ಕಬ್ಬಿಣಕ್ಕೆ 1 ಮಿ.ಮೀ. ಆಸುಪಾಸಿನ ತೆಳ್ಳನೆ ವೀಲ್ ಸಾಕು, ಬೇಗ ಕೊಯ್ಯುತ್ತದೆ. ಇದರ ಪಕ್ಕದಿಂದ ಉಜ್ಜಬೇಡಿ, ಮುರಿಯುತ್ತದೆ. ಉಜ್ಜಲು 6 ಮಿ.ಮೀ. ದಪ್ಪದ ಗ್ರೈಂಡಿಂಗ್ ವೀಲ್ ಬೇರೆಯೇ ಇದೆ. ಟೈಲ್ಸ್‌ಗೆ ಅಂಚು ಒಂದೇ ಸಮ ಇರುವ ಡೈಮಂಡ್ ಬ್ಲೇಡ್, ಕಾಂಕ್ರೀಟಿಗೆ ಅಂಚಿನಲ್ಲಿ ಸಂದು ಬಿಟ್ಟಿರುವುದು. ಅದಲುಬದಲು ಮಾಡಿದರೆ ಟೈಲ್ಸ್ ಅಂಚು ಚೆಕ್ಕೆ ಏಳುತ್ತದೆ.

ಕಬ್ಬಿಣ ಕೊಯ್ಯುವ ವೀಲಿಗೆ ವಾಯಿದೆಯೂ ಇದೆ, ಗೊತ್ತಾ? ಒಳ್ಳೆ ವೀಲಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಸಾಮಾನ್ಯವಾಗಿ ತಯಾರಾಗಿ ಮೂರು ವರ್ಷಕ್ಕೆ. ವೀಲನ್ನು ಹಿಡಿದಿಡುವ ಅಂಟು ಹಳತಾದರೆ, ತೇವ ಹಿಡಿದರೆ ಬಲ ಕಳೆದುಕೊಳ್ಳುತ್ತದೆ. ಏನೂ ಬರೆಯದೆ ಚೀಲದಲ್ಲಿ ಸುರಿದು ಮಾರುವ ವೀಲ್ ಬೇಡವೇ ಬೇಡ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಕಣ್ಣು ಪಣಕ್ಕಿಡಬೇಕಾ?

4. ಕೊಯ್ಯುವ ಮೊದಲು

ವೀಲ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಹೊಸ ವೀಲ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ಓಡಿಸಿ. ಟವೆಲ್, ಲುಂಗಿ, ದುಪಟ್ಟಾ ಬೇಡ. ಗಾಗಲ್ಸ್ ಬೇಕು. ಕೊಯ್ಯುವಾಗ ಒತ್ತಬೇಡಿ, ತಿರುಚಬೇಡಿ. ಪೈಪಿನ ತುಂಡಾಗುವ ತುದಿ ಕೆಳಗೆ ಬಾಗುವಂತಿರಲಿ. ಇಲ್ಲದಿದ್ದರೆ ಸಂದು ಮುಚ್ಚಿಕೊಂಡು ವೀಲ್ ಸಿಕ್ಕಿಹಾಕಿಕೊಳ್ಳುತ್ತದೆ.

5. ದೂಳು

ಕಿಡಿಗೆ ಹೆದರುವ ಜನ ದೂಳಿಗೆ ಹೆದರುವುದಿಲ್ಲ. ಗ್ರಾನೈಟ್, ಟೈಲ್ಸ್, ಕಾಂಕ್ರೀಟ್ ಎಲ್ಲದರಲ್ಲೂ ಮರಳಿನಲ್ಲಿರುವ ಸಿಲಿಕಾ ಎಂಬ ಖನಿಜ ಇದೆ. ಅದರ ಸಣ್ಣ ಪುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಬಟ್ಟೆ ಕಟ್ಟಿಕೊಂಡರೆ ತಡೆಯುವುದಿಲ್ಲ, ಎನ್-95 ಮಾಸ್ಕ್ ಹಾಕಿ. ನೀರು ಬಿಟ್ಟು ಕೊಯ್ದರೆ ದೂಳು ತುಂಬಾ ಕಡಿಮೆಯಾಗುತ್ತದೆ. ಆದರೆ ನೀರಿಗೆಂದೇ ಮಾಡಿದ ಕಟರ್ ಆಗಿರಬೇಕು, ಲೈನಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಬೇಕು. ಇಲ್ಲದಿದ್ದರೆ ಕರೆಂಟ್ ಹೊಡೆಯುತ್ತದೆ.

ಹಳೆ ಕಲ್ನಾರಿನ (ಆಸ್ಬೆಸ್ಟಾಸ್) ಶೀಟನ್ನು ಮಾತ್ರ ಯಾವ ಮಷೀನಿನಿಂದಲೂ ಕೊಯ್ಯಬೇಡಿ. ಅದರ ಎಳೆಗಳು ಕ್ಯಾನ್ಸರ್ ತರುತ್ತವೆ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಶೀಟನ್ನು ಮುರಿಯದೆ ಇಡಿಯಾಗಿ ಇಳಿಸಿ.